ನೆರೆಮನೆಯ ಪದವೀಧರನೂ ನನ್ನ ಕೆಂಪು ಸೊನ್ನೆಯೂ

ಮಾನ್ಯ ಪರೀಕ್ಷಾ ಮಂಡಳಿಯ ಅಧ್ಯಕ್ಷರೇ,

ನಿಮ್ಮ ಮಂಡಳಿ ಈ ವರ್ಷ ಒಬ್ಬ ಹುಡುಗಿಯನ್ನು ಅರ್ಥಶಾಸ್ತ್ರದಲ್ಲಿ ಎರಡೇ ಅಂಕಗಳಿಂದ ಫೇಲು ಮಾಡಿದೆ. ಅವಳ ಅಪರಾಧ ಇಷ್ಟೇ: ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆದಳು. ನರ್ಸಿಂಗ್ ಶಾಲೆಯಲ್ಲಿ ಅವಳಿಗೆ ಸಿಕ್ಕ ಸೀಟು ಈ ತಿಂಗಳ ಕೊನೆಗೆ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ಕುಶಲ ಸಮಾಚಾರಕ್ಕೆ ನನಗೆ ಪುರುಸೊತ್ತಿಲ್ಲ.

ನಿಮ್ಮ ಪಠ್ಯಪುಸ್ತಕದ ಮೊದಲ ಪಾಠ ‘ರಾಷ್ಟ್ರೀಯ ಅರ್ಥವ್ಯವಸ್ಥೆಯ ಪ್ರಮುಖ ಸಮಸ್ಯೆಗಳು: ಒಂದು ಪರಿಚಯ’. ಇಪ್ಪತ್ತೆರಡು ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ. ಬಡತನಕ್ಕೆ ಒಂದು ಪುಟ, ನಿರುದ್ಯೋಗಕ್ಕೆ ಒಂದೂವರೆ, ಬೆಲೆಯೇರಿಕೆಗೆ ಅರ್ಧ. ಹಸಿವಿಗೆ ನಾಲ್ಕು ಸಾಲು, ಅದೂ ಚಿತ್ರದ ಕೆಳಗೆ ಜಾಗ ಉಳಿದಿತ್ತು ಅಂತ. ಇಡೀ ಪಾಠದಲ್ಲಿ ಬೆವರುವ ಒಂದು ಮನುಷ್ಯಪ್ರಾಣಿ ಇಲ್ಲ. ನಿರುದ್ಯೋಗದ ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ‘ಜನಸಂಖ್ಯಾ ಹೆಚ್ಚಳ’. ಅಂದರೆ, ನಿನಗೆ ಕೆಲಸ ಯಾಕಿಲ್ಲ ಮಗೂ? ಯಾಕೆಂದರೆ ನೀನು ಹುಟ್ಟಿದೆ. ಹದಿನೇಳು ವರ್ಷದ ಮಕ್ಕಳಿಗೆ ಸ್ವಂತ ದೇಶವನ್ನು ಪರಿಚಯ ಮಾಡಿಸುವ ರೀತಿಯೇ ಇದು?

ಈ ಸಲದ ಪ್ರಶ್ನೆಪತ್ರಿಕೆಯಲ್ಲಿ ಆರು ಅಂಕಗಳ ಪ್ರಶ್ನೆ ಹೀಗಿತ್ತು: ‘ದೇಶದ ಯಾವುದಾದರೂ ಒಂದು ಆರ್ಥಿಕ ಸಮಸ್ಯೆಯನ್ನು ನಿಮ್ಮ ಸುತ್ತಮುತ್ತಲಿನ ಉದಾಹರಣೆಯೊಂದಿಗೆ ವಿವರಿಸಿ.’ ಓದಿ ಸಂತೋಷಪಟ್ಟೆ. ಅಂತೂ ಮಂಡಳಿ ಕಿಟಕಿ ತೆರೆಯಿತಲ್ಲ ಅಂದುಕೊಂಡೆ. ಮೌಲ್ಯಮಾಪನ ಕೇಂದ್ರದಲ್ಲಿ ನಮ್ಮ ಕೈಗೆ ಕೊಟ್ಟ ಮಾದರಿ ಉತ್ತರದಲ್ಲಿ, ಅಂದರೆ ನಾವೆಲ್ಲ ‘ಕೀ’ ಅನ್ನುವ ಹಾಳೆಯಲ್ಲಿ, ಹೀಗಿತ್ತು: ‘ಸುತ್ತಮುತ್ತಲಿನ ಉದಾಹರಣೆ: ಪಠ್ಯಪುಸ್ತಕ, ಪುಟ ಹದಿನಾಲ್ಕು.’

ಪುಟ ಹದಿನಾಲ್ಕರಲ್ಲಿ ಕೆಲಸ ಹುಡುಕಿ ಅಲೆಯುವ ಒಬ್ಬ ಪದವೀಧರನಿದ್ದಾನೆ. ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಅವನೇ ಇದ್ದ. ‘ನಮ್ಮ ನೆರೆಮನೆಯಲ್ಲಿ ಒಬ್ಬ ಪದವೀಧರನಿದ್ದಾನೆ.’ ಗಣಿಯ ಪಕ್ಕದ ಮಕ್ಕಳ ನೆರೆಮನೆಯಲ್ಲೂ ಅವನೇ, ಬಂದರಿನ ಮಕ್ಕಳ ನೆರೆಮನೆಯಲ್ಲೂ ಅವನೇ. ಎಷ್ಟು ಮನೆ ಬಾಡಿಗೆಗೆ ಹಿಡಿದಿದ್ದಾನೋ ಪುಣ್ಯಾತ್ಮ! ಮಕ್ಕಳನ್ನು ನಾನು ದೂರುವುದಿಲ್ಲ. ಸುಳ್ಳು ಬರೆದರೆ ಆರಕ್ಕೆ ಆರು ಸಿಗುತ್ತದೆ ಎಂದು ಕಲಿಸಿದವರು ನಾವು.

ಆ ಕೇಂದ್ರವನ್ನೂ ಸ್ವಲ್ಪ ನೋಡಿ. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತ ನಾವು, ದಿನಕ್ಕೆ ನಲವತ್ತು ಪತ್ರಿಕೆ. ಹೆಸರಿಲ್ಲ, ಬರೀ ಸಂಕೇತಸಂಖ್ಯೆ. ಒಂದು ಉತ್ತರದ ಮೇಲೆ ನನ್ನ ಕಣ್ಣು ನಿಂತರೆ ಮುಖ್ಯ ಮೌಲ್ಯಮಾಪಕರು ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. “ಓದ್ತಾ ಕೂರಬೇಡಿ ಸಾರ್, ನೋಡ್ತಾ ಹೋಗಿ. ಕೀನಲ್ಲಿರೋ ಪದ ಇದ್ರೆ ಗೆರೆ ಹಾಕಿ, ಇಲ್ದಿದ್ರೆ ಸೊನ್ನೆ ಹಾಕಿ.” ಓದುವುದನ್ನು ಕಲಿಸಲು ಸಂಬಳ ಪಡೆಯುವ ನಮಗೆ ಓದಬೇಡಿ ಎಂಬ ಆಜ್ಞೆ. ನಾವು ಪಾಲಿಸಿದೆವು.

ಸಂಜೆ ಹೊತ್ತು, ಮನೆಯಲ್ಲೇ ಕೂತು ದುಡಿಯುವ ಹೆಂಗಸರ ಸಂಘದ ಕೋಣೆಯಲ್ಲಿ ನಾನಿರುತ್ತೇನೆ. ಅರ್ಜಿ ಬರೆಯುತ್ತೇನೆ, ಮೆರವಣಿಗೆಯ ಘೋಷಣೆಗಳನ್ನೂ ಬರೆಯುತ್ತೇನೆ. ಕಳೆದ ವಾರ ಸಂಘದ ಅಕ್ಕ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಉಡುಪಿನ ಕಾರ್ಖಾನೆಯಿಂದ ಬರುವ ಅಂಗಿಗಳಿಗೆ ಗುಂಡಿ ಹೊಲಿಯುವವರು ಅವರು. ಅವರ ಕೈಯಲ್ಲಿ ಮಗಳ ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿ.

“ಮೇಷ್ಟ್ರೇ, ಯಾವನೋ ಮಹಾನುಭಾವ ನನ್ನ ಮಗಳಿಗೆ ಸೊನ್ನೆ ಸುತ್ತಿದಾನೆ. ಓದಿ ನೋಡಿ, ಏನ್ ತಪ್ಪು ಬರ್ದವಳೆ ಹೇಳಿ.”

ಗಟ್ಟಿಯಾಗಿ ಓದಿದೆ. ನೀವೂ ಓದಿ:

‘ನಮ್ಮ ಮನೆಗೆ ಗಣತಿಯವರು ಬಂದಿದ್ದರು. ಏನು ಕೆಲಸ ಮಾಡುತ್ತೀರಿ ಎಂದು ಅಮ್ಮನನ್ನು ಕೇಳಿದರು. ಅಮ್ಮ ಹಲ್ಲಲ್ಲಿ ಕಚ್ಚಿದ್ದ ಸೂಜಿ ತೆಗೆದು, ಏನೂ ಇಲ್ಲ, ಮನೆಯಲ್ಲೇ ಇರುತ್ತೇನೆ ಎಂದಳು. ಅವರು ಹಾಗೆಯೇ ಬರೆದುಕೊಂಡರು. ಹೊರಡುವಾಗ ಅವರ ಅಂಗಿಯ ಗುಂಡಿ ನೇತಾಡುತ್ತಿತ್ತು. ಅಮ್ಮ ಅವರನ್ನು ನಿಲ್ಲಿಸಿ ಹೊಲಿದು ಕಳಿಸಿದಳು. ಕೆಲಸ ಇಲ್ಲದವರು ಇರುವುದು ದೇಶದ ಒಂದು ಸಮಸ್ಯೆ. ಕೆಲಸ ಮಾಡುವವರನ್ನು ಕೆಲಸ ಇಲ್ಲದವರು ಎಂದು ಬರೆಯುವುದು ಇನ್ನೊಂದು ಸಮಸ್ಯೆ. ಇದು ಪುಸ್ತಕದಲ್ಲಿ ಇಲ್ಲ.’

ಅಂಚಿನಲ್ಲಿ ಒಂದು ಸೊನ್ನೆ. ಪಕ್ಕದಲ್ಲಿ: ‘ಅಪ್ರಸ್ತುತ. ಮನೆಯ ಕಥೆ ಬೇಡ.’ ಕೊನೆಯ ಅಕ್ಷರದ ಬಾಲವನ್ನು ಹೀಗೆ ಕೆಳಗೆಳೆದು ಗೆರೆ ಮಾಡುವ ಚಾಳಿ ನನಗೆ ಹೈಸ್ಕೂಲಿನಿಂದ ಇದೆ.

ಜೆರಾಕ್ಸಿನಲ್ಲಿ ಕೆಂಪು ಕಪ್ಪಾಗಿತ್ತು. ಅಕ್ಷರ ನನ್ನದೇ.

“ಅಕ್ಕಾ, ಆ ಮಹಾನುಭಾವ ನಾನೇ,” ಎಂದೆ.

ಅವರು ನನ್ನನ್ನು ನೋಡಿದರು, ಗೋಡೆಯ ಮೇಲಿದ್ದ ಸಂಘದ ಫಲಕವನ್ನು ನೋಡಿದರು. ‘ನಮ್ಮ ದುಡಿಮೆಯೂ ದುಡಿಮೆಯೇ’ ಎಂದು ಅದರ ಮೇಲೆ ಬರೆದದ್ದೂ ಇದೇ ಕೈ.

“ಬಿಡಮ್ಮಾ,” ಎಂದಳು ಹುಡುಗಿ. “ಸಾರ್‌ಗೆ ಕೀ ಕೊಟ್ಟಿರ್ತಾರೆ.”

“ಕೀ ಕೊಟ್ರೆ ಕುಣಿಯೋಕೆ ಇವರೇನು ಗೊಂಬೇನಾ? ಮೈಕಿನ ಮುಂದೆ ನಿಂತ್ರೆ ನಮ್ ಬಗ್ಗೆ ಒಂದು ಗಂಟೆ ಮಾತಾಡ್ತಾರೆ. ಪೇಪರಲ್ಲಿ ನಾವು ಬಂದ್ರೆ ಅಪ್ರಸ್ತುತ!”

ಆ ಜೆರಾಕ್ಸನ್ನು ಅವರಿಂದ ಕೇಳಿ ಪಡೆದುಕೊಂಡೆ.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ಕೌಂಟರಿನವರು ಗಾಜಿನ ತೂತಿನಿಂದ ಹೇಳಿದರು: “ಮರುಮೌಲ್ಯಮಾಪನ ಇಲ್ಲ ಸಾರ್, ಮರುಎಣಿಕೆ ಅಷ್ಟೇ. ಸೊನ್ನೇನ ಎಷ್ಟ್ ಸಲ ಕೂಡಿದ್ರೂ ಸೊನ್ನೇನೇ.” ತಪ್ಪು ಮಾಡಿದವನು ನಾನೇ, ತಿದ್ದಲು ಬಂದಿದ್ದೇನೆ ಎಂದೆ. “ತಪ್ಪು ಮಾಡ್ದೋರು ಇಲ್ಲಿಗೆ ಬರೋ ಪದ್ಧತಿ ಇಲ್ವಲ್ಲ ಸಾರ್, ಅದಕ್ಕೆ ಫಾರಂ ಇಲ್ಲ,” ಎಂದರು. ನಿಜ ಹೇಳಿದ್ದಕ್ಕೆ ಅವರಿಗೆ ನಮಸ್ಕಾರ.

ಅಧ್ಯಕ್ಷರೇ, ನನಗೆ ಹೇಸಿಗೆಯಾಗಿದೆ. ‘ಸುತ್ತಮುತ್ತ ನೋಡಿ’ ಎಂದು ಕೇಳಿ, ನೋಡಿದವಳ ಕಣ್ಣಿಗೆ ಮಣ್ಣೆರಚುವ ನಿಮ್ಮ ಪಾಂಡಿತ್ಯದ ಬಗ್ಗೆ ಹೇಸಿಗೆ. ಆ ಮಣ್ಣನ್ನು ಹಿಡಿಹಿಡಿಯಾಗಿ ಎರಚಿದ ನನ್ನ ಕೈಯ ಬಗ್ಗೆ ಅದಕ್ಕಿಂತ ಹೆಚ್ಚು. ಗಣತಿಯವರು ತಾಯಿಯನ್ನು ಲೆಕ್ಕದಿಂದ ಬಿಟ್ಟರು, ನಾನು ಮಗಳನ್ನು ಬಿಟ್ಟೆ, ನೀವು ಇಬ್ಬರ ಮೇಲೂ ಮೊಹರು ಒತ್ತಿದಿರಿ. ದೇಶದ ಸಮಸ್ಯೆಯನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಲು ಸಮಿತಿ ಯಾಕೆ ಬೇಕಿತ್ತು? ಆ ಸಮಸ್ಯೆ ನಿಮ್ಮ ಮೇಜಿನ ಹಿಂದೆಯೇ ಕುರ್ಚಿ ಹಾಕಿ ಕೂತಿದೆ.

ಆದರೂ ನಿಮ್ಮ ನಿಯಮಾವಳಿಯನ್ನು ಪೂರ್ತಿ ಓದಿದೆ. ಓದಬೇಡಿ ಎಂದು ಈ ಸಲ ಹೇಳುವವರು ಯಾರೂ ಇರಲಿಲ್ಲ. ಅದರಲ್ಲೊಂದು ಸಾಲಿದೆ: ‘ಮೌಲ್ಯಮಾಪಕರ ತೀರ್ಮಾನವೇ ಅಂತಿಮ.’ ಒಳ್ಳೆಯದು. ಆ ಮೌಲ್ಯಮಾಪಕ ನಾನು. ಪತ್ರಿಕೆಯನ್ನು ಮೊದಲ ಬಾರಿಗೆ ಓದಿದ್ದೇನೆ. ನನ್ನ ತೀರ್ಮಾನ: ಆರಕ್ಕೆ ಆರು.

ಈ ತಿಂಗಳು ಮುಗಿಯುವುದರೊಳಗೆ ಅವಳ ಅಂಕಪಟ್ಟಿ ತಿದ್ದಿ ಕೊಡಿ. ಪುಟ ಹದಿನಾಲ್ಕರ ಪದವೀಧರನನ್ನು ಮಾದರಿ ಉತ್ತರದಿಂದ ಮನೆಗೆ ಕಳಿಸಿ. ಕರ್ತವ್ಯಲೋಪಕ್ಕೆ ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ಸಹಿ ಹಾಕುತ್ತೇನೆ. ಇಲ್ಲವಾದರೆ ಮುಂದಿನ ತಿಂಗಳ ಒಂದನೇ ತಾರೀಖು ಸಂಘದ ಹೆಂಗಸರೆಲ್ಲ ಅಂಗಿಯ ಗಂಟುಗಳನ್ನು ಹೊತ್ತು ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಾರೆ. ಅವರೇನು ಮಾಡುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ, ಈ ಬಾರಿ ‘ಏನೂ ಇಲ್ಲ’ ಎನ್ನುವುದಿಲ್ಲ.

ಇಂತಿ,
ಓದದೆ ಸೊನ್ನೆ ಸುತ್ತಿದ,
ಓದಿದ ಮೇಲೆ ನಿದ್ದೆಗೆಟ್ಟ
ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರು