ಹೊಲಿಗೆ ಯಂತ್ರದ ಮೇಲಿನ ಸ್ಟಿಕ್ಕರ್

ಸಿಂದಗಿ,
ಮಂಗಳವಾರ, ೧೯-೮-೨೦೨೫

ಪ್ರೀತಿಯ ಜಯಕ್ಕಾ,

ಆರಾಮ ಇದ್ದೀಯಾ ಎಂದು ಕೇಳುವ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಹೊಲಿಗೆಯವರು ನೋಟು ತೆಗೆದುಕೊಂಡರೆ ದಂಡ ಹಾಕುತ್ತಾರೆ, ಹೊಸ ಕಾಯ್ದೆ ಬಂದಿದೆ ಎಂದು ಹೋದ ವರ್ಷ ಚಡಚಣದಲ್ಲಿ ನಿನಗೆ ಹೇಳಿದ್ದೆನಲ್ಲ, ಅಂಥ ಕಾಯ್ದೆ ಎಲ್ಲೂ ಇಲ್ಲ. ಅದು ನಿನ್ನ ಗಂಡ ಹೇಳಿಕೊಟ್ಟ ಸುಳ್ಳು. “ನಿಮ್ಮಕ್ಕ ನಿನ್ನ ಮಾತ ಅಷ್ಟ ನಂಬ್ತಾಳಲೇ ಸಂಗು” ಎಂದು ಅನಿಲ ಮಾಮಾ ತಮ್ಮ ಹಳೆಯ ಫೋನನ್ನು ನನ್ನ ಕೈಗಿಟ್ಟರು. ಒಂಬತ್ತನೆಯ ತರಗತಿಗೇ ಸಾಲಿ ಬಿಟ್ಟು ಅಲೆಯುತ್ತಿದ್ದವನಿಗೆ ಅಷ್ಟು ಸಾಕಾಯಿತು. ಗಿರಾಕಿಗಳು ಫೋನಿನಿಂದ ಹಾಕುವ ದುಡ್ಡು ಮಾಮಾನ ಖಾತೆಗೆ ಹೋಗಲೆಂದು ಅವರ ಹೆಸರಿನ ಸ್ಟಿಕ್ಕರನ್ನು ನಿನ್ನ ಯಂತ್ರಕ್ಕೆ ನಾನೇ ಅಂಟಿಸಿದೆ.

ಈಗ ಹೇಳು, ನಿನ್ನ ಬೆನ್ನುನೋವು ಹೇಗಿದೆ? ಅವ್ವ ಆರಾಮ. ಪಂಚಮಿಗೆ ನೀನು ಬರಲಿಲ್ಲವೆಂದು ನಿನ್ನ ಪಾಲಿನ ಉಂಡಿಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ಎರಡು ಕದ್ದು ತಿಂದೆ, ಅದನ್ನೂ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇದ್ದರೂ ನೀನೇಕೆ ಬರಲಿಲ್ಲ ಎಂದು ನನಗೆ ಆಗಲೇ ಅನುಮಾನ. ಹೊಲಿಗೆ ಬಹಳ ಇದೆ ಅಂದಿದ್ದೆ. ನಿನ್ನ ಪಕ್ಕದ ಮನೆಯ ಸುಂದರವ್ವ ನಿನ್ನೆ ಮಗಳ ಮನೆಗೆಂದು ಇಲ್ಲಿಗೆ ಬಂದಾಗ ನಿಜ ಹೇಳಿದಳು: “ತವರಮನಿಗಿ ಬರಿಗೈಲೆ ಹೆಂಗ ಹೋಗ್ಲಿ ಅಂತ ಅತ್ತಾಳಪಾ ನಿಮ್ಮಕ್ಕ.” ಮೊದಲೆಲ್ಲ ಯಂತ್ರದ ಖಾನೆಯಲ್ಲಿ ನೂಲಿನ ಉಂಡೆಗಳ ಕೆಳಗೆ ನೋಟು ಮಡಚಿಟ್ಟು, ಅದರಲ್ಲೇ ನನಗೆ ಚಪ್ಪಲಿ ಕೊಡಿಸಿದವಳು ನೀನು.

ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲೂ ಈಗ ‘ನಗದು ಸ್ವೀಕರಿಸುವುದಿಲ್ಲ’ ಎಂಬ ಫಲಕ ತೂಗುತ್ತಿದೆ. ಹೋದ ಶನಿವಾರ ದೇವಣಗಾಂವದಿಂದ ರಹಿಮಾಬಿ ಎಂಬ ಮುದುಕಿ ಮೊಮ್ಮಗಳಿಗೆ ಬಟ್ಟೆ ಆರಿಸಿ, ಸೆರಗಿನ ಗಂಟು ಬಿಚ್ಚಿದಳು. ಮಾಲೀಕ ಶ್ರೀಶೈಲಪ್ಪನವರು ಫಲಕಕ್ಕೆ ಬೆರಳು ಮಾಡಿ, ಮಗನಿಗೆ ಫೋನಿನಿಂದ ಹಾಕಲು ಹೇಳು ಅಂದರು. “ಮಗನ್ನ ಕೇಳೂದಿದ್ರ ನಾ ಸೆರಗಿನ್ಯಾಗ ಯಾಕ ಗಂಟ ಹಾಕ್ತಿದ್ನೆಪ್ಪಾ?” ಅಂದಳು ಮುದುಕಿ. ಬಟ್ಟೆ ಅಲ್ಲೇ ಬಿಟ್ಟು ಹೋದಳು. ನನಗೆ ನಿನ್ನ ಖಾನೆ ನೆನಪಾಯಿತು. ನೋಟು ಯಾಕೆ ಬೇಡವೆಂದು ಮಾಲೀಕರನ್ನು ಕೇಳಿದೆ. “ನಿನ್ನಂಥಾವ್ರ ಕೈ ಗಲ್ಲಾದಾಗ ಹೋಗಬಾರದಂತ” ಎಂದರು. ಒಂದು ಗುಂಡಿಯನ್ನೂ ಕದ್ದವನಲ್ಲ ನಾನು. ಇವತ್ತಿಗೆ ಕೆಲಸ ಬಿಟ್ಟೆ. ಮೂರನೆಯದು, ಬೈಯಬೇಡ.

ಅಂದಿನಿಂದ ನೋಟು ಬೇಡ ಎನ್ನುವವರನ್ನು ಕಂಡಾಗಲೆಲ್ಲ, ಯಾರ ನೋಟು ಬೇಡ ಎನ್ನುತ್ತಿದ್ದಾರೆ ಎಂದು ನೋಡುತ್ತೇನೆ. ಮಾಮಾನ ಪಾನ್ ಅಂಗಡಿಯಲ್ಲಿ ದುಡ್ಡು ಬಂದಾಗ ಕೂಗುವ ಡಬ್ಬಿ ಇದೆಯಲ್ಲ, ಅದರಲ್ಲಿ ನಿನ್ನ ಹೊಲಿಗೆಯೂ ಕೂಗುತ್ತದೆ, ಗೊತ್ತೇ? ಜೂನ್‌ನಲ್ಲಿ ನಾನು ಅಲ್ಲಿ ಕೂತಿದ್ದಾಗ “ಇನ್ನೂರೈವತ್ತು ರೂಪಾಯಿ” ಎಂದು ಕೂಗಿತು. “ಅನಿಲಣ್ಣಾ, ಮನ್ಯಾಗ ಒಂದ ಕುಬಸ ಮುಗೀತ ನೋಡ್ರಿ, ಚಹಾ ಹೇಳ್ರಿ!” ಎಂದು ಗೆಳೆಯರು ನಕ್ಕರು. ಚಹಾ ಬಂತು. ನಾನೂ ಕುಡಿದೆ ಅಕ್ಕಾ, ನಕ್ಕೆ ಕೂಡ.

ನಿನ್ನ ಫೋನನ್ನು ಮಾಮಾ ತೆಗೆದು ನೋಡುತ್ತಾರೆ, ಅದಕ್ಕೇ ಈ ಕಾಗದ. ಸುಂದರವ್ವ ಇವತ್ತು ಸಂಜೆ ಊರಿಗೆ ಮರಳುತ್ತಾಳೆ. ಹೊಲಿಯಲು ಕೊಡುವ ಕುಬಸದ ಬಟ್ಟೆಯಲ್ಲಿ ಇದನ್ನು ಸುತ್ತಿ ಕೊಡುತ್ತಾಳೆ. ಓದಿ ಒಲೆಗೆ ಹಾಕು. ಅವ್ವನ ಆಶೀರ್ವಾದ. ನಿನ್ನ ಮಗಳು ವಿಜಯಲಕ್ಷ್ಮಿಗೆ ನನ್ನ ಮುದ್ದು.

ನಿನ್ನ ತಮ್ಮ,
ಸಂಗಮೇಶ

ತಾ.ಕ.: ಯಂತ್ರ ಅವ್ವ ನಿನಗೆ ಕೊಟ್ಟದ್ದು. ಸ್ಟಿಕ್ಕರ್ ಕೀಳಬೇಕೋ ಬೇಡವೋ ನೀನೇ ಹೇಳಬೇಕು, ನೀನು ಹೇಳದೆ ನಾನು ಮುಟ್ಟುವುದಿಲ್ಲ. ಆದರೆ ಕಾಯ್ದೆಯ ಮಾತು ಸುಳ್ಳೆಂದು ಮಾಮಾನ ಎದುರಿಗೇ, ಆ ಡಬ್ಬಿಯ ಮುಂದೆಯೇ ಹೇಳುತ್ತೇನೆ. ಹೊಡೆದರೆ ಹೊಡೆಯಲಿ. ಅವರು ಕೊಟ್ಟ ಫೋನನ್ನು ಒರೆಸಿ, ಅವರಿಗೆ ವಾಪಸ್ ಕೊಡಲು ಚೀಲದಲ್ಲಿ ಇಟ್ಟಿದ್ದೇನೆ. ನಾಳೆ ಮುಂಜಾನೆ ಏಳರ ಬಸ್ಸಿಗೆ ಚಡಚಣಕ್ಕೆ ಹೊರಡುತ್ತೇನೆ.