ಬಾಸುಂಡೆ ಮಾಸುವ ಮೊದಲು

ಉಳವಿ, ಸೊರಬ ತಾಲ್ಲೂಕು
೧೪-೭-೧೯೯೪

ಶಿಕಾರಿಪುರದ ವಕೀಲರಾದ ಪಂಚಾಕ್ಷರಯ್ಯನವರಿಗೆ ನೀಲಾಂಬಿಕ ಮಾಡುವ ನಮಸ್ಕಾರ.

ನಿಮ್ಮ ಕಾಗದ ಇಲ್ಲಿ ನನ್ನ ತವರಿಗೆ ಬಂದು ತಲುಪಿತು. ಹೆಂಗಸರ ಮುಂದೆ ಅಸಭ್ಯವಾಗಿ ಮೈ ತೋರಿಸಿದರೆಂಬ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಬೇಕು, ಇಲ್ಲವೇ ಕುಡಿದಿದ್ದೆ, ಪಂಚೆ ಜಾರಿತು ಎನ್ನಬೇಕು ಎಂದು ನಮ್ಮ ಯಜಮಾನರಿಗೆ ಬರೆದಿದ್ದೀರಿ. ಅವರು ಕೊರಳಲ್ಲಿ ಲಿಂಗ ಕಟ್ಟಿದವರು, ಹೆಂಡ ಮುಟ್ಟಿದವರಲ್ಲ. ಪಂಚೆ ಜಾರಲೂ ಇಲ್ಲ, ಅವರೇ ಎತ್ತಿದರು.

ಯಾಕೆ ಎತ್ತಿದರೆಂದು ನೀವು ಕೇಳಲೇ ಇಲ್ಲ. ಗೊಬ್ಬರ ಹಂಚುವುದರಲ್ಲಿ ಮೋಸ ನಡೆದಿದೆ ಎಂದದ್ದಕ್ಕೆ ಸೊಸೈಟಿ ಕಾರ್ಯದರ್ಶಿಯ ಭಾವಮೈದ ಇವರಿಗೆ ಬೆತ್ತದಿಂದ ಹೊಡೆದ. ಮಾರನೆಯ ದಿನ ಸದಸ್ಯರ ಸಭೆಯಲ್ಲಿ ಇವರು ಅದನ್ನು ಹೇಳಿದಾಗ ಕಾರ್ಯದರ್ಶಿ ನಕ್ಕು, "ಎಲ್ಲಿ ಹೊಡ್ದಾನ್ರೀ, ತೋರ್ಸ್ರಿ ನೋಡಾಣ" ಎಂದರು. ಇವರು ತೋರಿಸಿದರು. ತೊಡೆಯಿಂದ ಸೊಂಟದವರೆಗೆ ಬಾಸುಂಡೆಗಳಿದ್ದವು.

ಸಭೆಯಲ್ಲಿದ್ದ ಹೆಂಗಸರಿಗೆ ನಾಚಿಕೆಯಾಯಿತೆಂದು ಕಾರ್ಯದರ್ಶಿ ದೂರು ಕೊಟ್ಟಿದ್ದಾರೆ. ನಾನೂ ಅಲ್ಲಿದ್ದ ಹೆಂಗಸೇ. ನನ್ನನ್ನು ಸಾಕ್ಷಿಗೆ ಕರೆಸಿ. ಆ ಬಾಸುಂಡೆಗಳನ್ನು ನೋಡಿಯೂ ಮುಖ ತಿರುಗಿಸಿ ಚಹಾ ಕುಡಿಯುತ್ತ ಕೂತ ಗಂಡಸರನ್ನು ಕಂಡು ನನಗೆ ನಾಚಿಕೆಯಾಯಿತು ಎಂದು ಹೇಳುತ್ತೇನೆ.

ಒಂದು ಕೆಲಸ ಮಾತ್ರ ಬೇಗ ಆಗಬೇಕು. ಕೇಸಿನ ವಾಯಿದೆಗೆ ಇನ್ನೂ ಹದಿನೈದು ದಿನವಿದೆ. ಆರೈಕೆಗೆಂದು ಅವರನ್ನು ಇಲ್ಲಿಗೆ ಕರೆತಂದು ದಿನವೂ ಎಣ್ಣೆ ಹಚ್ಚುತ್ತಿದ್ದವಳು ನಿಮ್ಮ ಕಾಗದ ಓದಿದ ಮೇಲೆ ನಿಲ್ಲಿಸಿದ್ದೇನೆ. ನೋವಿಗೆ ಅವರು ಮಗ್ಗುಲು ಬದಲಿಸಲಾರರು. ಆದರೂ ಬಾಸುಂಡೆಗಳು ಮಾಸುತ್ತಿವೆ. ಪೂರ್ತಿ ಮಾಸುವ ಮೊದಲು ಅವನ್ನು ನ್ಯಾಯಾಧೀಶರಿಗೆ ತೋರಿಸಲು ಅಪ್ಪಣೆ ಕೇಳಿ.

ಕೋರ್ಟಿನಲ್ಲಿ ಪಂಚೆ ಎತ್ತಿದರೆ ಇನ್ನೊಂದು ಕೇಸು ಹಾಕುತ್ತಾರೆಯೇ, ಅದನ್ನೂ ವಿಚಾರಿಸಿ ಬರೆಯಿರಿ.

ಇಂತಿ,
ಪರಮಶಿವಪ್ಪನವರ ಹೆಂಡತಿ
ನೀಲಾಂಬಿಕ