ಗಂಟಲಲ್ಲಿ ಹಿಡಿಯದ ಜೋಡುಗಾಡಿ

ಗದಗ, ಫೆಬ್ರವರಿ ಮೂವತ್ತೆಂಟು, ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು

ನಮಗಿಂತ ಮುಂಚೆ ಬಾಳುತ್ತಿರುವ ಹಿರಿಯರಿಗೆ ಫಕೀರವ್ವ ಮಾಡುವ ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ನಮ್ಮ ಅಜ್ಜಿಯ ಕಾಲದಲ್ಲಿ ಯಾರೋ ಬುದ್ಧಿವಂತರು ಮೇ ತಿಂಗಳಿನ ಹತ್ತು ದಿನ ಕಿತ್ತು ಫೆಬ್ರವರಿಗೆ ಹೊಲಿದರು, ಬೇಸಿಗೆ ಗಿಡ್ಡವಾದೀತೆಂದು. ಬಿಸಿಲಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಬೇಕು. ಆ ಪದಾರ್ಥಗಳೇ ನಿಮ್ಮಲ್ಲಿ ಇಲ್ಲದ ಮೇಲೆ ಹೆಸರಾದರೂ ಎಲ್ಲಿಂದ ಗೊತ್ತಿರಬೇಕು.

ಸಂಗತಿ ಸಣ್ಣದು. ಒಂದು ತಳ್ಳುಗಾಡಿ ಆರಿಸಬೇಕಾಗಿದೆ. ನನ್ನ ಮಗಳು ದ್ರಾಕ್ಷಾಯಣಿಗೆ ಅವಳಿ ಮಕ್ಕಳು. ಗಂಡು ತೋಂಟೇಶ, ಹೆಣ್ಣು ನೀಲಾಂಬಿಕೆ. ಮನೆಯವರ ಬಾಯಲ್ಲಿ ತೋಂಟು ಮತ್ತು ನೀಲಿ. ಈ ಸಂಜೆ ಊರೆಲ್ಲ ಗುಡ್ಡಕ್ಕೆ ಹೊರಡುತ್ತದೆ. ಅಷ್ಟರೊಳಗೆ ಇಬ್ಬರನ್ನೂ ಒಂದು ಗಾಡಿಯಲ್ಲಿ ಕೂರಿಸಬೇಕು, ಕೂರಿಸುವವಳು ನಾನು.

ನಮ್ಮಲ್ಲಿ ಹೋಳಿಯಿಂದ ಮುಂಗಾರಿನ ಮಿರಗದ ಮಳೆಯವರೆಗೆ ಬಯಲಿನಲ್ಲಿ ಬಾಳುವಂತಿಲ್ಲ. ಗುಡ್ಡದ ಗವಿಮನೆಗಳಿಗೆ ಹೋಗುತ್ತೇವೆ. ಹೋಗುವುದು ನೆಲದೊಳಗಿನ ದಾರಿಯಲ್ಲಿ, ಅದಕ್ಕೆ ತಂಪೋಣಿ ಎಂದು ಹೆಸರು. ನಿಮ್ಮ ಕಾಲದವರೇ ಮಳೆನೀರು ಹರಿಯಲೆಂದು ಕಟ್ಟಿದ ದೊಡ್ಡ ಕೊಳವೆ ಅದು. ಅದರಲ್ಲಿ ನೀರು ಹರಿದದ್ದನ್ನು ಕಂಡವರು ಈಗ ಯಾರೂ ಇಲ್ಲ. ದೊಡ್ಡವರೆಲ್ಲ ನೀರಂಗಿ ತೊಡುತ್ತೇವೆ, ಅಂದರೆ ಮೈತುಂಬ ನೀರಿನ ನಳಿಕೆ ಹೊಲಿದ ಅಂಗಿ. ನಮ್ಮ ಜೀವ ಉಳಿಯುವುದೇ ಅದರಿಂದ, ಆದರೆ ಅದರ ಥಂಡಿ ಎಳೆಗೂಸಿಗೆ ತಡೆಯದು. ಹೀಗಾಗಿ ಕೂಸನ್ನು ಎದೆಗವಚಿಕೊಂಡು ನಡೆಯುವ ಸುಖ ನಮ್ಮ ಹೆಂಗಸರಿಗಿಲ್ಲ, ಕೂಸು ಗಾಡಿಯಲ್ಲೇ ಬರಬೇಕು. ಸಾಲು ಉದ್ದ, ಓಣಿ ಕಿರಿದು, ಆದ್ದರಿಂದ ಮನೆಗೊಂದೇ ಗಾಡಿ. ನಿಮ್ಮಲ್ಲಿ ತೊಟ್ಟಿಲು ತವರಿನಿಂದ ಬರುವಂತೆ ನಮ್ಮಲ್ಲಿ ಈ ಗಾಡಿ ತವರಿನಿಂದ ಬರುತ್ತದೆ. ಹೆತ್ತವಳ ತಾಯಿ ತನ್ನ ಕೈಯಾರೆ ಕೂಸನ್ನು ಕೂರಿಸಬೇಕು, ಕೂರಿಸಿದ ಜಾಗವನ್ನು ಗುಡ್ಡ ಮುಟ್ಟುವವರೆಗೆ ಯಾರೂ ಬದಲಿಸಬಾರದು. ಸಾಲು ನಿಂತರೆ ಹಿಂದಿನವರು ಬೇಯುತ್ತಾರೆ.

ಗಾಡಿಯಲ್ಲಿ ಎರಡು ಜಾತಿ. ಜೋಡುಗಾಡಿಯಲ್ಲಿ ಮಕ್ಕಳು ಪಕ್ಕಪಕ್ಕ ಕೂರುತ್ತಾರೆ. ಮಾಳಿಗೆಗಾಡಿಯಲ್ಲಿ ಒಂದು ಮೇಲೆ, ಇನ್ನೊಂದು ಅದರ ಕೆಳಗೆ ಚಕ್ರಗಳ ನಡುವೆ. ಮೇಲಿನ ಕೂಸು ತಾಯಿಯ ಕಣ್ಣೆದುರು, ಕೈಯಳತೆಯಲ್ಲಿ ಇರುತ್ತದೆ. ಕೆಳಗಿನದು ಧೂಳಿಗೆ ಇಳಿಬಿಟ್ಟ ಮುಸುಕಿನ ಒಳಗೆ ಇರುತ್ತದೆ, ಕಾಣುವುದಿಲ್ಲ. ಹೋದ ವರ್ಷ ಒಂದು ಮನೆಯವರು ಗುಡ್ಡ ಮುಟ್ಟಿ ಮುಸುಕು ಎತ್ತಿದಾಗ ಕೆಳಗಿನ ಕೂಸು ಏಳಲೇ ಇಲ್ಲ. ಅದಾದ ಮೇಲೆ ಮಾಳಿಗೆಗಾಡಿಯ ಹೆಸರೆತ್ತಿದರೆ ದ್ರಾಕ್ಷಾಯಣಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ನಾನು ಜೋಡುಗಾಡಿಯನ್ನೇ ಮಾಡಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಆ ಗಾದೆ ನನ್ನಂಥವಳಿಗೇ ಕಟ್ಟಿದ್ದು. ಮಗಳ ಹೊಟ್ಟೆಯಲ್ಲಿ ಅವಳಿ ಎಂದು ತಿಳಿದು, ಏಳು ತಿಂಗಳು ತುಂಬಿದಾಗಲೇ ತಂಪೋಣಿಗೆ ಇಳಿದು, ಅದರ ಅತಿ ಇಕ್ಕಟ್ಟಾದ ಭಾಗವನ್ನು ಕೋಲು ಹಿಡಿದು ಅಳೆದು ಬಂದೆ. ಆ ಭಾಗಕ್ಕೆ ಗಂಟಲು ಎನ್ನುತ್ತೇವೆ. ಒಂದು ಹರದಾರಿ ಉದ್ದ, ಅಲ್ಲಿ ಗಾಡಿ ಮಡಚಿ ಕೂಸನ್ನು ಎತ್ತಿಕೊಳ್ಳುತ್ತೇನೆಂದರೆ ಆಗದ ಮಾತು. ಗಾಡಿ ಮಾಡುವ ಮಾಬುಸಾಬ ನನ್ನ ಅಳತೆ ನೋಡಿ, "ಅವ್ವಾರ, ಬಾಳ ಬಿಗಿ ಆತಲ್ರಿ. ಒಂದ ಬೆರಳ ಸಡಲ ಇರ್ಲಿ," ಎಂದ. "ನಿನ್ನ ಮೂಗು ಹಿಡಿದ್ರ ಸಾಕು, ಗಾಡಿ ಹಿಡಿತೈತಿ," ಎಂದು ನಾನೇ ಅವನ ಬಾಯಿ ಮುಚ್ಚಿಸಿದೆ. ಸಡಿಲ ಬಿಟ್ಟರೆ ಮಕ್ಕಳ ಭುಜ ಇಕ್ಕಟ್ಟಾಗುತ್ತಿತ್ತು.

ನನಗೆ ಹೊಳೆಯದೆ ಹೋದದ್ದು ಹುಟ್ಟುಗಾರೆ. ನಮ್ಮಲ್ಲಿ ಕೂಸು ಹುಟ್ಟಿದ ಮನೆಯವರು ಗಂಟಲಿಗೆ ಹೋಗಿ ಗೋಡೆಗೆ ಒಂದು ಪದರ ಸುಣ್ಣದ ಗಾರೆ ಬಳಿದು ಬರುತ್ತಾರೆ, ಕೂಸಿಗೆ ದಾರಿ ತಂಪಾಗಿರಲಿ ಎಂದು. ಒಂದೊಂದು ಕೂಸಿಗೂ ಉಗುರಿನಷ್ಟು ಗಾರೆ. ಈ ವರ್ಷ ದೇವರು ಕಣ್ಣು ಬಿಟ್ಟ, ಊರ ತುಂಬ ತೊಟ್ಟಿಲು. ನಾನೇ ಮನೆಮನೆಗೆ ಹೋಗಿ ಸಕ್ಕರೆ ತಿಂದು ಬಂದೆ, ನಮ್ಮ ಎರಡು ಕೂಸುಗಳ ಗಾರೆಯನ್ನೂ ಇದೇ ಕೈಯಿಂದ ದಪ್ಪಗೆ ಮೆತ್ತಿದೆ. ನಿನ್ನೆ ಬೆಳಿಗ್ಗೆ ಬರಿಗಾಡಿ ತಳ್ಳಿ ನೋಡಿದಾಗ ಅದು ಗಂಟಲ ಬಾಯಲ್ಲೇ ಸಿಕ್ಕಿ ನಿಂತಿತು. ಹಿಂದೆಳೆಯಲು ಮೂವರು ಬೇಕಾಯಿತು. ನನಗೆ ನಗುವೂ ಬಂತು, ಅಳುವೂ ಬಂತು.

ತಂಪೋಣಿಯ ಯಜಮಾನ ಈರಬಸಪ್ಪನ ಬಳಿ ಹೋಗಿ, ಮೇಲಿನ ನಾಲ್ಕು ಪದರ ಕೆರೆಸಿಕೊಡು ಎಂದು ಕೈಮುಗಿದೆ. ಗಾರೆ ಕೆರೆದರೆ ಕೂಸಿನ ಆಯುಷ್ಯ ಕೆರೆದಂತೆ ಎಂಬುದು ನಮ್ಮ ಜನರ ನಂಬಿಕೆ. ಅವನು ಬಯ್ಯಲಿಲ್ಲ. "ಫಕೀರವ್ವಾ, ಯಾರ ಕೂಸಿಂದ ಕೆರೀಲಿ ಹೇಳು. ನೀ ಹೇಳಿದವರ ಮನೀಗೆ ನೀನ ಹೋಗಿ ಕೇಳ್ಕೊಂಡು ಬಾ," ಎಂದ. ನಮ್ಮದನ್ನೇ ಕೆರೆಯೋಣವೆಂದರೆ ಅದು ಒಳಗೆ ಸೇರಿಹೋಗಿತ್ತು. ಎಲ್ಲಕ್ಕಿಂತ ಮೇಲಿನ ಪದರ, ಮೊದಲು ಕೆರೆಯಬೇಕಾದದ್ದು, ಹೊನ್ನವ್ವನ ಕೂಸಿನದು. ಆ ಕೂಸು ಈಗಿಲ್ಲ, ಒಂದು ವಾರವೂ ಬಾಳಲಿಲ್ಲ. ಇಲ್ಲದ ಕೂಸಿನದಲ್ಲವೇ, ಒಪ್ಪಿಯಾಳು ಎಂದುಕೊಂಡು ಅವಳ ಮನೆಗೆ ಹೋದೆ. ಅವಳು ಕೂರಲು ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಕೇಳಿದೆ. "ಚಿಗವ್ವಾ, ನನಗ ಅದೊಂದ ಉಳದೈತಿ," ಎಂದಳು. ಲೋಟದ ನೀರು ಹಾಗೇ ಇಟ್ಟು ಎದ್ದು ಬಂದೆ.

ಹೀಗೆ ಅತ್ತ ದರಿ, ಇತ್ತ ಪುಲಿ. ಊರಲ್ಲೇ ಉಳಿದರೆ ನಾಲ್ಕು ದಿನಕ್ಕೆ ಬಾವಿ ಬತ್ತುತ್ತದೆ. ಅಳಿಯನಿದ್ದರೆ ಏನಾದರೂ ಮಾಡುತ್ತಿದ್ದನೇನೋ, ಅವನು ಮಣ್ಣು ತೆಗೆಯುವ ಪಾಳಿಯವರ ಜೊತೆ ಮುಂದೆ ಹೋಗಿದ್ದಾನೆ. ಮಾಬುಸಾಬ ಜೋಡುಗಾಡಿ ವಾಪಸ್ ತೆಗೆದುಕೊಂಡು ಒಂದು ಹಳೆಯ ಮಾಳಿಗೆಗಾಡಿ ತಂದು ನಿಲ್ಲಿಸಿದ್ದಾನೆ. ನಾನು ಹೇಳಿದ್ದೆನಲ್ಲ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಅವನ ಮೇಲಾದರೂ ರೇಗಬಹುದಿತ್ತು. ಕೆಳಗಿನ ಮುಸುಕಿಗೆ ಅವನೇ ಸೂಜಿ ಹಿಡಿದು ಇನ್ನಷ್ಟು ಕಿಂಡಿ ಮಾಡುತ್ತ ಕೂತಿದ್ದಾನೆ.

ಹಿರಿಯರೇ, ನೀವು ಆ ಕೊಳವೆಯನ್ನು ಇನ್ನೂ ಕಟ್ಟುತ್ತಿರಬಹುದು. ಗಂಟಲ ಬಳಿ ಗಟ್ಟಿ ಕಲ್ಲು ಬಂದಾಗ ಸಾಕು ಬಿಡು ಎಂದು ಕೈ ತೊಳೆಯಬೇಡಿ. ಇನ್ನೊಂದು ಗೇಣು ಅಗೆಯಿರಿ. ನನ್ನದು ಅಷ್ಟೇ ಬೇಡಿಕೆ. ನೀವು ಅಗೆದಿದ್ದರೆ ಇಲ್ಲಿ ಜೋಡುಗಾಡಿ ಹಿಡಿಯುತ್ತಿತ್ತು, ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ. ಬರೆಯುತ್ತಿದ್ದೇನೆ ಅಂದರೆ ನೀವು ಅಗೆಯಲಿಲ್ಲ. ಇಷ್ಟು ನನಗೂ ತಿಳಿಯುತ್ತದೆ. ಆದರೂ ಕೈ ಸುಮ್ಮನಿರುವುದಿಲ್ಲ.

ದ್ರಾಕ್ಷಾಯಣಿ ನೀರಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಯಾರನ್ನು ಎಲ್ಲಿ ಕೂರಿಸುತ್ತೀ ಎಂದು ಕೇಳುತ್ತಿಲ್ಲ, ನನ್ನ ಮುಖವನ್ನೂ ನೋಡುತ್ತಿಲ್ಲ. ತೋಂಟುವಿಗೆ ಅತ್ತರೆ ಉಸಿರು ಕಟ್ಟಿ ತುಟಿ ನೀಲಿಯಾಗುತ್ತದೆ, ಮುಖಕ್ಕೆ ಗಾಳಿ ಊದಿ ಎಚ್ಚರಿಸಬೇಕು. ಅವನು ಮೇಲೆಯೇ ಇರಬೇಕು. ಹಾಗಾದರೆ ಕೆಳಗೆ ನೀಲಿ. ಜ್ವರ ಬಂದಾಗಲೂ ಅವಳು ಅತ್ತವಳಲ್ಲ, ಕಣ್ಣು ತೆರೆದು ನೋಡುತ್ತ ಮಲಗುತ್ತಾಳೆ. ಗಟ್ಟಿ ಹುಡುಗಿ, ಏನೂ ಆಗುವುದಿಲ್ಲ ಎಂದು ಓಣಿಯವರೆಲ್ಲ ಧೈರ್ಯ ಹೇಳುತ್ತಿದ್ದಾರೆ. ಗಂಟಲೊಳಗೆ ಇಡೀ ಹರದಾರಿ ನಾನು ಗಾಡಿಯ ಹಿಂದೆಯೇ ನಡೆಯುತ್ತೇನೆ, ಅವಳ ದನಿಗೆ ಕಿವಿಗೊಟ್ಟು. ಅವಳು ಅಳುವುದಿಲ್ಲ.